ಬೇಟೆಯ ತರಗತಿಯಲ್ಲಿ ಕಲಿಯುವುದು, ಕಲಿಯದೆ ಉಳಿಯುವುದು

ಅಮೆರಿಕದ ರಾಜ್ಯಗಳಲ್ಲಿ ಬೇಟೆಗೆ ಹೋಗಬಯಸುವ ಮಕ್ಕಳು ಪರವಾನಗಿಗೆ ಮೊದಲು ಬೇಟೆ ಸುರಕ್ಷತೆಯ ತರಗತಿಯಲ್ಲಿ ಕಲಿತು, ಪರೀಕ್ಷೆ ಪಾಸಾಗಿ, ಪ್ರಮಾಣಪತ್ರ ಪಡೆದಿರಬೇಕೆಂಬುದು ಈಗ ಸಾಮಾನ್ಯ ನಿಯಮ. ಯಾರಿಗೆ ಇದು ಕಡ್ಡಾಯ ಎಂಬುದನ್ನು ಹಲವು ರಾಜ್ಯಗಳಲ್ಲಿ ಹುಟ್ಟಿದ ದಿನಾಂಕ ನಿರ್ಧರಿಸುತ್ತದೆ. ಕೊಲೊರಾಡೊದಲ್ಲಿ 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ, ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚಿನವರಿಗೆ, ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಿಂದ ಈಚಿನವರಿಗೆ ಅದು ಅನ್ವಯಿಸುತ್ತದೆ. ಅಜ್ಜ ತರಗತಿಯ ಮೆಟ್ಟಿಲು ಹತ್ತದೆ ಕಾಡಿಗೆ ಹೋಗಬಹುದು, ಮೊಮ್ಮಗಳು ಹೋಗುವಂತಿಲ್ಲ. ಟೆಕ್ಸಸ್‌ನಲ್ಲಿ 9 ತುಂಬಿದ ಮಗು ಪ್ರಮಾಣಪತ್ರಕ್ಕೆ ಅರ್ಹ. ಮಿನ್ನೆಸೋಟಾದಲ್ಲಿ 11ಕ್ಕೆ ತರಗತಿ ಸೇರಬಹುದು, ಪತ್ರ ಜಾರಿಗೆ ಬರುವುದು 12ಕ್ಕೆ. ಇಷ್ಟು ಎಳೆಯ ಕೈಗೆ ಕೋವಿ ಕೊಟ್ಟು, ಅದನ್ನು ಹಿಡಿಯುವ ರೀತಿಯ ಜೊತೆಗೆ ಒಂದು ಪ್ರಾಣಿಯ ಜೀವ ತೆಗೆಯುವ ರೀತಿಯನ್ನೂ ಸರ್ಕಾರವೇ ಪಾಠವಾಗಿ ಕಲಿಸುವ ಈ ಏರ್ಪಾಡು ಧರ್ಮಚಿಂತನೆಗೆ ಒಂದು ಗಂಭೀರ ಪ್ರಶ್ನೆಯನ್ನು ಒಡ್ಡುತ್ತದೆ. ಕೊಲ್ಲುವುದನ್ನು ಜವಾಬ್ದಾರಿಯಿಂದ ಮಾಡಲು ಕಲಿಸಬಹುದೆ? ಕಲಿಸಿದರೆ ಆ ಕಲಿಕೆ ಕೊಲ್ಲುವುದಕ್ಕೆ ಒಪ್ಪಿಗೆಯ ಮುದ್ರೆಯಾಗುತ್ತದೆಯೆ, ಇಲ್ಲವೆ ಅದರ ಭಾರವನ್ನು ಮಗುವಿಗೆ ತಿಳಿಸುತ್ತದೆಯೆ?

ತರಗತಿಯನ್ನು ಹುಡುಕುವುದು ಕಷ್ಟದ ಕೆಲಸವಲ್ಲ, ಆದರೆ ಮುಂಚಿತವಾಗಿ ಹುಡುಕಬೇಕು. ರಾಜ್ಯದ ವನ್ಯಜೀವಿ ಇಲಾಖೆ ಎಲ್ಲೆಲ್ಲಿ ಯಾವಾಗ ತರಗತಿ ನಡೆಯುತ್ತದೆ ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಜಿಂಕೆ ಬೇಟೆಯ ಋತು ಹೆಚ್ಚಿನ ಕಡೆ ಶರತ್ಕಾಲದಲ್ಲಿ ಬರುವುದರಿಂದ ಅದಕ್ಕೆ ಹತ್ತಿರದ ವಾರಗಳ ತರಗತಿಗಳು ಬೇಗ ಭರ್ತಿಯಾಗುತ್ತವೆ. ಬೇಸಿಗೆಯ ರಜೆಯಲ್ಲೇ ಹೆಸರು ಬರೆಸಿದವರಿಗೆ ಜಾಗ ಸಿಗುತ್ತದೆ. ಊರಿನ ಅಗ್ನಿಶಾಮಕ ಠಾಣೆಯ ಸಭಾಂಗಣ, ಶಾಲೆಯ ಊಟದ ಹಾಲ್, ಶೂಟಿಂಗ್ ಕ್ಲಬ್, ಕೆಲವೊಮ್ಮೆ ಚರ್ಚಿನ ನೆಲಮಾಳಿಗೆ, ಹೀಗೆ ಎಲ್ಲಿ ಬೆಂಚು ಹಾಕಲು ಜಾಗವಿದೆಯೋ ಅಲ್ಲಿ ಪಾಠ ನಡೆಯುತ್ತದೆ. ಶುಲ್ಕ ಅಲ್ಪ, ಎಷ್ಟೋ ಕಡೆ ಇಲ್ಲವೇ ಇಲ್ಲ. ಪಠ್ಯದ ಭಾಗವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಓದಿ, ಬಳಿಕ ಒಂದು ದಿನ ಬಯಲಿನಲ್ಲಿ ಬೋಧಕರೆದುರು ಕೋವಿ ಹಿಡಿದು ತೋರಿಸುವ ಪದ್ಧತಿಯೂ ಇದೆ. ಟೆಕ್ಸಸ್‌ನಲ್ಲಿ 17 ದಾಟಿದವರಿಗೆ ಪೂರ್ತಿ ಆನ್‌ಲೈನ್ ಸಾಕು. ಮಕ್ಕಳ ವಿಷಯದಲ್ಲಿ ಮಾತ್ರ ಎದುರೆದುರು ಕಲಿಯುವ ದಿನವೇ ತರಗತಿಯ ಜೀವಾಳ; ಅದಿಲ್ಲದ ಕಲಿಕೆ ಪರದೆಯ ಮೇಲಿನ ಆಟದಂತೆ ಮುಗಿದುಹೋಗುವ ಅಪಾಯವಿದೆ. ಒಂದು ರಾಜ್ಯದಲ್ಲಿ ಪಡೆದ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಉಳಿದ ರಾಜ್ಯಗಳೂ ಕೆನಡಾದ ಪ್ರಾಂತ್ಯಗಳೂ ಮನ್ನಿಸುತ್ತವೆ.

ಈ ವ್ಯವಸ್ಥೆ ಹುಟ್ಟಿದ್ದು ಸಾವುಗಳಿಂದ. ಎರಡನೆಯ ಮಹಾಯುದ್ಧದ ನಂತರ ಬೇಟೆಗೆ ಹೋಗುವವರ ಸಂಖ್ಯೆ ಏರಿತು, ಬೇಟೆಗಾರರು ಬೇಟೆಗಾರರನ್ನೇ ಹೊಡೆದ ಪ್ರಕರಣಗಳೂ ಏರಿದವು. 1946ರಲ್ಲಿ ಕೆಂಟಕಿ ರಾಜ್ಯ ಮಕ್ಕಳಿಗೆ ಪಾಠ ಆರಂಭಿಸಿತು. 1949ರಲ್ಲಿ ನ್ಯೂಯಾರ್ಕ್ ಅದನ್ನು ಮೊದಲ ಬಾರಿಗೆ ಕಡ್ಡಾಯ ಮಾಡಿತು. ಹಣದ ಮೂಲ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ. ರೈಫಲ್ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟ ಕಾಯ್ದೆ ಅದು. 1970ರ ತಿದ್ದುಪಡಿಯಿಂದ ಬೇಟೆ ಶಿಕ್ಷಣಕ್ಕೂ ಪಾಲು ದೊರೆಯಿತು. ರಾಜ್ಯ ತನ್ನ ಪಾಲಾಗಿ ಭರಿಸಬೇಕಾದ ಮೊತ್ತದ ಲೆಕ್ಕಕ್ಕೆ ಸ್ವಯಂಸೇವಕರು ದುಡಿದ ಗಂಟೆಗಳನ್ನೂ ಸೇರಿಸಿಕೊಳ್ಳಲಾಗುತ್ತದೆ. ಕಲಿಸುವವರಲ್ಲಿ ಬಹುಪಾಲು ಜನ ಇಂಥ ಸ್ವಯಂಸೇವಕರೇ: ನಿವೃತ್ತ ಮೇಷ್ಟ್ರುಗಳು, ರೈತರು, ಮೆಕ್ಯಾನಿಕ್‌ಗಳು, ದಾದಿಯರು. ಫಲಿತಾಂಶ ಕಣ್ಣಿಗೆ ಕಾಣುವಂಥದು. ವಿಸ್ಕಾನ್ಸಿನ್‌ನಲ್ಲಿ 1966ರಲ್ಲಿ ಪ್ರತಿ ಲಕ್ಷ ಬೇಟೆಗಾರರಲ್ಲಿ 44 ಮಂದಿಗೆ ಗುಂಡೇಟಾಗುತ್ತಿತ್ತು. ಮರುವರ್ಷ ತರಗತಿಗಳು ಶುರುವಾದವು, 1980ರಲ್ಲಿ ಜಿಂಕೆ ಬೇಟೆಗೆ ಹೊಳೆಯುವ ಕಿತ್ತಳೆ ಬಣ್ಣದ ಉಡುಪು ಕಡ್ಡಾಯವಾಯಿತು, ಈಗ ಆ ಪ್ರಮಾಣ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿದಿದೆ. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನ ಕಣ್ಣಿಗೆ ದೂರದಿಂದಲೇ ಕಾಣುತ್ತದೆ. ಇಷ್ಟೊಂದು ಸರಳವಾದ ಸಂಗತಿ ಎಷ್ಟೋ ಮನೆಗಳ ದೀಪ ಆರದಂತೆ ನೋಡಿಕೊಂಡಿದೆ.

ತರಗತಿಯ ಒಳಗೆ ಮೊದಲು ಕಲಿಸುವುದು ನಾಲ್ಕು ನಿಯಮಗಳನ್ನು. ಪ್ರತಿ ಕೋವಿಯಲ್ಲೂ ತೋಟಾ ಇದೆಯೆಂದೇ ತಿಳಿದು ನಡೆಯಬೇಕು. ನಳಿಗೆಯ ಬಾಯಿ ಸದಾ ಅಪಾಯವಿಲ್ಲದ ಕಡೆಗೆ ತಿರುಗಿರಬೇಕು. ಗುರಿ ಏನೆಂಬುದು, ಅದರ ಮುಂದೆ ಹಿಂದೆ ಏನಿದೆ ಎಂಬುದು ಖಚಿತವಾಗಿರಬೇಕು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಇವನ್ನು ಬಾಯಿಪಾಠ ಮಾಡಿಸಿ ಬಿಟ್ಟರೆ ಪ್ರಯೋಜನವಿಲ್ಲವೆಂದು ಬೋಧಕರಿಗೆ ಗೊತ್ತು. ಆದ್ದರಿಂದ ಬಯಲಿನಲ್ಲಿ ಒಂದು ತಂತಿ ಬೇಲಿ ಕಟ್ಟಿ, ಅದನ್ನು ದಾಟುವುದನ್ನು ಮಾಡಿಸಿ ನೋಡುತ್ತಾರೆ. ಹುಡುಗಿ ನಿಲ್ಲುತ್ತಾಳೆ, ತೋಟಾ ಹೊರತೆಗೆಯುತ್ತಾಳೆ, ಕೋವಿಯ ಗೂಡು ತೆರೆದು ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳುತ್ತಾಳೆ. ಆಮೇಲೆ ಕೋವಿಯನ್ನು ಬೇಲಿಯ ಅಡಿಯಿಂದ ಆಚೆಗೆ, ಬಾಯಿ ತನ್ನ ಕಡೆ ಬಾರದಂತೆ, ಮಲಗಿಸಿ ಸರಿಸುತ್ತಾಳೆ. ತಾನು ದಾಟುವುದು ಕೋವಿಯ ಹಿಂಭಾಗದ ಕಡೆಯಿಂದ, ಅದೂ ನಾಲ್ಕು ಹೆಜ್ಜೆ ಅತ್ತ ಸರಿದು. ಇಬ್ಬರಿದ್ದರೆ ಒಬ್ಬರು ದಾಟುವ ತನಕ ಇನ್ನೊಬ್ಬರು ಖಾಲಿ ಕೋವಿಗಳನ್ನು ಹಿಡಿದು ನಿಲ್ಲಬೇಕು. ಬೇಸರ ಬರುವಷ್ಟು ನಿಧಾನದ ಈ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದರಲ್ಲೇ ಪಾಠವಿದೆ. ಮರದ ಮೇಲಿನ ಅಟ್ಟಣೆಗೂ ಇಂಥದೇ ಶಿಸ್ತು: ಮೈಗೆ ಪಟ್ಟಿ ಬಿಗಿದು ಹತ್ತಬೇಕು, ಕೋವಿಯನ್ನು ಖಾಲಿ ಮಾಡಿ ಹಗ್ಗದಿಂದ ಆಮೇಲೆ ಎಳೆದುಕೊಳ್ಳಬೇಕು. ಗುಂಡಿನಷ್ಟೇ ಅಟ್ಟಣೆಯಿಂದ ಬೀಳುವುದೂ ಇಂದು ಬೇಟೆಗಾರರ ಮೈಮುರಿಯುತ್ತಿದೆ.

ಸಣ್ಣದೆಂದು ಎಲ್ಲರೂ ಹಗುರಾಗಿ ಕಾಣುವ ಪಾಯಿಂಟ್ ಟೂ ಟೂ ರೈಫಲಿನ ಗುಂಡು ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದೆಂದು ಮಗುವಿಗೆ ತಿಳಿಸಿದಾಗ ದಿಣ್ಣೆಯ ಮೇಲೆ, ಆಕಾಶದ ಬೆಳಕಿಗೆ ಎದುರಾಗಿ ನಿಂತ ಜಿಂಕೆಗೆ ಏಕೆ ಹೊಡೆಯಬಾರದು ಎಂಬುದು ತಾನಾಗಿ ಅರ್ಥವಾಗುತ್ತದೆ. ದಿಣ್ಣೆಯ ಆಚೆ ಏನಿದೆಯೋ ಯಾರಿಗೆ ಗೊತ್ತು. ಜಿಂಕೆಯ ಚಿತ್ರಗಳನ್ನು ತೋರಿಸಿ ಹೊಡೆಯಬಹುದೆ ಬಾರದೆ ಎಂದು ಕೇಳುವ ಅಭ್ಯಾಸವೂ ಇರುತ್ತದೆ. ಅಡ್ಡಲಾಗಿ ನಿಂತಿದ್ದರೆ, ಅಥವಾ ತುಸು ಆಚೆ ತಿರುಗಿದ್ದರೆ, ಹೃದಯ ಮತ್ತು ಪುಪ್ಪುಸದ ಜಾಗ ಸಿಗುತ್ತದೆ. ನೇರ ಎದುರು ಮುಖ ಮಾಡಿದ್ದರೆ, ಓಡುತ್ತಿದ್ದರೆ, ಹಳುವಿನ ಮರೆಯಲ್ಲಿದ್ದರೆ, ಹಿಂದೆ ಇನ್ನೊಂದು ಜಿಂಕೆ ಇದ್ದರೆ ಬಿಡಬೇಕು. ಹತ್ತಾರು ಚಿತ್ರಗಳಲ್ಲಿ ಹೆಚ್ಚಿನವುಗಳ ಸರಿ ಉತ್ತರ ಬೇಡ ಎಂಬುದೇ. ಗಾಯಗೊಂಡ ಪ್ರಾಣಿಯನ್ನು ರಕ್ತದ ಜಾಡು ಹಿಡಿದು ಹುಡುಕುವುದು ಹೊಡೆದವನ ಹೊಣೆ, ಕತ್ತಲಾದರೂ ಮಳೆ ಬಂದರೂ ಅದನ್ನು ಬಿಟ್ಟು ಮನೆಗೆ ಬರುವುದು ತಪ್ಪು ಎಂದೂ ಹೇಳಿಕೊಡಲಾಗುತ್ತದೆ.

ಗುರಿಯನ್ನು ಗುರುತಿಸುವ ಮೂರನೆಯ ನಿಯಮದ ಹತ್ತಿರ ಬಂದಾಗ ಕನ್ನಡದ ಓದುಗರಿಗೆ ದಶರಥ ನೆನಪಾಗದೆ ಇರಲಾರ. ಮಳೆಗಾಲದ ಇರುಳು, ಸರಯೂ ನದಿಯ ತೀರ, ನೀರು ಕುಡಿಯಲು ಬರುವ ಪ್ರಾಣಿಗಾಗಿ ಹೊಂಚು ಹಾಕಿ ಕುಳಿತ ಯುವರಾಜ. ಕೊಡ ತುಂಬುವ ಸದ್ದು ಅವನ ಕಿವಿಗೆ ಆನೆಯ ಸದ್ದಾಗಿ ಕೇಳುತ್ತದೆ. ಬಾಣ ಬಿದ್ದದ್ದು ಕುರುಡು ತಂದೆತಾಯಿಯರಿಗೆ ನೀರು ಒಯ್ಯಲು ಬಂದ ಹುಡುಗನಿಗೆ. ಸದ್ದಿಗೆ ಗುರಿಯಿಡುವ ವಿದ್ಯೆಯಲ್ಲಿ ಅವನು ನಿಪುಣ, ಆ ನೈಪುಣ್ಯವೇ ಕೇಡಾಯಿತು. ಕೃಷ್ಣನ ಅಂತ್ಯವೂ ಇಂಥದೇ ತಪ್ಪಿನಿಂದ: ಮರದಡಿ ಒರಗಿದ್ದವನ ಪಾದವನ್ನು ಜರನೆಂಬ ಬೇಡ ಜಿಂಕೆಯೆಂದು ತಿಳಿದು ಹೊಡೆದ. ಎರಡೂ ಕಥೆಗಳು ಅಮೆರಿಕದ ತರಗತಿಯಲ್ಲಿ ಬಹುಶಃ ಯಾರಿಗೂ ಗೊತ್ತಿಲ್ಲ, ಆದರೆ ಅದೇ ತಪ್ಪು ಅಲ್ಲಿ ಪ್ರತಿ ವಸಂತಕಾಲದಲ್ಲೂ ಎಚ್ಚರಿಕೆಯ ಪಾಠ. ಟರ್ಕಿ ಕೋಳಿಯ ಬೇಟೆಗಾರ ಮರಕ್ಕೆ ಬೆನ್ನು ಕೊಟ್ಟು, ಕಾಡಿನ ಬಣ್ಣದ ಬಟ್ಟೆಯುಟ್ಟು, ಹೆಣ್ಣುಕೋಳಿಯ ಕೂಗನ್ನು ಅನುಕರಿಸುತ್ತಾನೆ. ಕೂಗು ಕೇಳಿದ ಇನ್ನೊಬ್ಬ ಬೇಟೆಗಾರ ಸದ್ದಿನ ಜಾಡು ಹಿಡಿದು ತೆವಳುತ್ತ ಬರುತ್ತಾನೆ. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ ಬಣ್ಣಗಳಲ್ಲಿ ಹೊಳೆಯುವುದರಿಂದ ಆ ಮೂರು ಬಣ್ಣಗಳ ಕರವಸ್ತ್ರ ಅಥವಾ ಕಾಲುಚೀಲ ಕೂಡ ಮೈಮೇಲೆ ಇರಬಾರದು, ಸದ್ದಿನ ಕಡೆಗೆ ತೆವಳಬಾರದು, ಸದ್ದಿಗೆ ಹೊಡೆಯಲೇಬಾರದು ಎಂದು ಮಕ್ಕಳಿಗೆ ಕಲಿಸುತ್ತಾರೆ.

ದಶರಥನ ತಪ್ಪು ಯಾವ ಬಗೆಯದು? ಹುಡುಗನನ್ನು ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ. ಆದರೂ ಆ ತಂದೆಯ ಶಾಪ ಅವನನ್ನು ಕೊನೆಯ ತನಕ ಬಿಡಲಿಲ್ಲ, ಕಥೆಯೂ ಅವನನ್ನು ಮನ್ನಿಸಲಿಲ್ಲ. ಈ ಬಗೆಯ ತಪ್ಪನ್ನು ಅತ್ಯಂತ ಸೂಕ್ಷ್ಮವಾಗಿ ವಿಂಗಡಿಸಿದವರು ಜೈನ ಚಿಂತಕರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣ ಹೋಗುವುದರ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರ ತಪ್ಪಿದ ಮನಸ್ಸು ಮಾತು ಮೈಗಳ ನಡೆಯನ್ನು, ಮುಖ್ಯ ಅಂಗವಾಗಿ ಇಡುತ್ತದೆ. ಬೇಲಿ ದಾಟುವ ಆ ನಿಧಾನ, ಬೆರಳನ್ನು ಟ್ರಿಗರ್‌ನಿಂದ ದೂರ ಇಡುವ ಆ ಅಭ್ಯಾಸ ಈ ದೃಷ್ಟಿಯಿಂದ ಬರಿಯ ತಾಂತ್ರಿಕ ಸಂಗತಿಗಳಲ್ಲ. ಅವು ಪ್ರಮಾದದ ವಿರುದ್ಧದ ಸಾಧನೆ. ತರಗತಿಯ ಈ ಭಾಗವನ್ನು ಯಾವ ಧರ್ಮದವರೂ ಅಲ್ಲಗಳೆಯಲಾರರು.

ಆದರೆ ಜೈನ ವಿವೇಚನೆ ಅಲ್ಲಿಗೆ ನಿಲ್ಲುವುದಿಲ್ಲ. ಬೇಸಾಯದಲ್ಲಿ, ಅಡುಗೆಯಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನಿಗೆ ತಪ್ಪಿಸಲಾಗದ್ದೆಂದು ಅದು ಒಂದು ಕಡೆ ಇಡುತ್ತದೆ, ಸಂಕಲ್ಪಪೂರ್ವಕವಾದ ಹಿಂಸೆಯನ್ನು ಇನ್ನೊಂದು ಕಡೆ. ಎರಡನೆಯದು ಶ್ರಾವಕನಿಗೂ ವರ್ಜ್ಯ, ಬೇಟೆ ಸಪ್ತವ್ಯಸನಗಳಲ್ಲಿ ಒಂದು. ಸಂಕಲ್ಪದ ತೂಕ ಎಷ್ಟೆಂಬುದನ್ನು ಕನ್ನಡದಲ್ಲಿ ಜನ್ನನ ಯಶೋಧರಚರಿತೆಯಷ್ಟು ತೀಕ್ಷ್ಣವಾಗಿ ಹೇಳಿದ ಕೃತಿ ಇನ್ನೊಂದಿಲ್ಲ. ಅಲ್ಲಿ ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿ, ಜೀವ ಹೋಗಿಲ್ಲ. ಕೊಲ್ಲುವ ಭಾವವೊಂದೇ ಜನ್ಮಜನ್ಮಾಂತರದ ನೋವಿಗೆ ಸಾಕಾಗುತ್ತದೆ. ದಶರಥನಲ್ಲಿ ಸಂಕಲ್ಪವಿಲ್ಲದ ಸಾವು, ಯಶೋಧರನಲ್ಲಿ ಸಾವಿಲ್ಲದ ಸಂಕಲ್ಪ. ಬೇಟೆ ಸುರಕ್ಷತೆಯ ತರಗತಿ ಮೊದಲನೆಯದನ್ನು ನಿವಾರಿಸಲು ಹುಟ್ಟಿದ್ದು. ಎರಡನೆಯದರ ಬಗ್ಗೆ ಅದು ಮೌನವಾಗಿದೆ, ಅಷ್ಟೇ ಅಲ್ಲ, ಗುರಿ ಹೆಚ್ಚು ಖಚಿತವಾದಷ್ಟೂ ಸಂಕಲ್ಪವೂ ಸ್ಪಷ್ಟವಾಗುತ್ತದೆ. ನಡುಕವಿಲ್ಲದ ಕೈಯಿಂದ, ತಿಳಿದು ತಿಳಿದು, ಈ ಪ್ರಾಣಿಯನ್ನೇ ಎಂದು ಆರಿಸಿ ಹೊಡೆಯುವುದನ್ನು ಅದು ಕಲಿಸುತ್ತದೆ. ತರಗತಿಯ ಬಗೆಗಿನ ಧಾರ್ಮಿಕ ಪ್ರಶ್ನೆಯ ತಿರುಳು ಇಲ್ಲಿದೆ: ಪ್ರಮಾದವನ್ನು ತೊಳೆದಷ್ಟೂ ಉಳಿಯುವುದು ಅಪ್ಪಟ ಸಂಕಲ್ಪ.

ಬೇಟೆಯನ್ನು ಒಪ್ಪುವ ಪರಂಪರೆಗಳು ಈ ಉಳಿಕೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ರಾಜಧರ್ಮದ ಗ್ರಂಥಗಳಲ್ಲಿಯೇ ಒಮ್ಮತವಿಲ್ಲ. ಮನುಸ್ಮೃತಿ ಕಾಮದಿಂದ ಹುಟ್ಟುವ ವ್ಯಸನಗಳ ಪಟ್ಟಿಯಲ್ಲಿ ಬೇಟೆಯನ್ನು ಮೊದಲಿಗಿಡುತ್ತದೆ. ಅರ್ಥಶಾಸ್ತ್ರದಲ್ಲಿ ಜೂಜು ಕೆಟ್ಟದೋ ಬೇಟೆ ಕೆಟ್ಟದೋ ಎಂಬ ಚರ್ಚೆಯೇ ನಡೆದು, ಕೌಟಿಲ್ಯ ಬೇಟೆಯ ಪರ ವಾಲುತ್ತಾನೆ: ಮೈಗೆ ವ್ಯಾಯಾಮ, ಕೊಬ್ಬು ಕರಗುವುದು, ಚಲಿಸುವ ಗುರಿಯ ಅಭ್ಯಾಸ, ಪ್ರಾಣಿಗಳ ಮನಸ್ಸಿನ ತಿಳಿವಳಿಕೆ. ಇಂದಿನ ಅಮೆರಿಕನ್ ಪೋಷಕರು ಮಕ್ಕಳನ್ನು ತರಗತಿಗೆ ಕಳಿಸಲು ಕೊಡುವ ಕಾರಣಗಳಿಗೂ ಇದಕ್ಕೂ ದೂರವಿಲ್ಲ. ಇದು ಉಪಯೋಗದ ವಾದ. ಜಿಂಕೆಗೆ ಏನಾಗುತ್ತದೆ ಎಂಬುದು ಇದರ ಲೆಕ್ಕದಲ್ಲಿಲ್ಲ.

ಹದಿನೆಂಟನೆಯ ಶತಮಾನದ ಪ್ರಾಗ್ ನಗರದ ರಬ್ಬಿ ಎಜೆಕಿಯೆಲ್ ಲಾಂಡಾವು ಅವರೆದುರು ಒಂದು ಪ್ರಶ್ನೆ ಬಂದಿತ್ತು. ಕಾಡು ತೋಟಗಳ ದೊಡ್ಡ ಆಸ್ತಿಗೆ ಒಡೆಯನಾದ ಯಹೂದಿಯೊಬ್ಬ ಅಲ್ಲಿ ಕೋವಿಯಿಂದ ಬೇಟೆಯಾಡಬಹುದೆ? ಕಟ್ಟುನಿಟ್ಟಾದ ಶಾಸ್ತ್ರದ ಪ್ರಕಾರ ನಿಷೇಧ ಹೇಳಲಾಗದು ಎಂದ ಅವರು, ಆದರೂ ಹೊಟ್ಟೆಪಾಡಿಗೆ ಅಗತ್ಯವಿಲ್ಲದವನು ಮೋಜಿಗೆ ಕೊಲ್ಲುವುದು ಅಬ್ರಹಾಮನ ಮಕ್ಕಳಿಗೆ ಒಪ್ಪುವುದಲ್ಲ, ಅದು ನಿಮ್ರೋದ್ ಮತ್ತು ಏಸಾವರ ದಾರಿ ಎಂದು ತೀರ್ಪಿತ್ತರು. ಜೊತೆಗೆ ಬೇಟೆಗಾರ ತನ್ನ ಜೀವವನ್ನೂ ಅಪಾಯಕ್ಕೊಡ್ಡುತ್ತಾನೆ, ಅದೂ ಸಲ್ಲದು ಎಂದರು. ಸುರಕ್ಷತೆ ಮತ್ತು ಸಲ್ಲುವಿಕೆ ಎರಡನ್ನೂ ಒಂದೇ ಉಸಿರಿನಲ್ಲಿ ಎತ್ತಿಕೊಂಡ ತೀರ್ಪು ಇದು; ಇಂದಿನ ಪಠ್ಯಗಳು ಮೊದಲನೆಯದನ್ನಷ್ಟೇ ವಿಸ್ತರಿಸಿವೆ. ಇಸ್ಲಾಂ ಆಹಾರಕ್ಕಾಗಿ ಬೇಟೆಯನ್ನು ಒಪ್ಪಿ ದೇವರ ಹೆಸರು ಹೇಳಿ ಹೊಡೆಯಬೇಕೆನ್ನುತ್ತದೆ, ಹಜ್ ಯಾತ್ರೆಯ ಇಹ್ರಾಮ್ ಸ್ಥಿತಿಯಲ್ಲಿ ನೆಲದ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ.

ಕೆನಡಾದ ಜೇಮ್ಸ್ ಕೊಲ್ಲಿಯ ಸುತ್ತಿನ ಕ್ರೀ ಜನರಲ್ಲಿ ಉತ್ತರ ಇನ್ನೂ ಬೇರೆ. ಅವರ ತಿಳಿವಿನಲ್ಲಿ ಪ್ರಾಣಿಯನ್ನು ಬೇಟೆಗಾರ ಗೆಲ್ಲುವುದಿಲ್ಲ, ಪ್ರಾಣಿಯೇ ತನ್ನನ್ನು ಕೊಡುತ್ತದೆ. ಪಡೆದವನು ಮಾಂಸವನ್ನು ಹಂಚಬೇಕು, ಹಾಳು ಮಾಡಬಾರದು, ಕೊಚ್ಚಿಕೊಳ್ಳಬಾರದು, ಮೂಳೆಗಳನ್ನು ನಾಯಿಗಳ ಬಾಯಿಗೆ ಸಿಗದಂತೆ ಎತ್ತರದಲ್ಲಿಡಬೇಕು. ತಪ್ಪಿದರೆ ಮುಂದೆ ಪ್ರಾಣಿಗಳು ಬರುವುದಿಲ್ಲ. ನಡೆಯಲು ಕಲಿತ ಮಗುವನ್ನು ಬೆಳಗಿನ ಜಾವ ಡೇರೆಯಿಂದ ಮೊದಲ ಬಾರಿ ವಿಧಿಪೂರ್ವಕ ಹೊರಗೆ ನಡೆಸಿ, ಆಟದ ಕೋವಿ ಹಿಡಿಸಿ, ಬೇಟೆಯ ಪಾಲನ್ನು ಹಿರಿಯರಿಗೆ ಒಪ್ಪಿಸಿ ಬರುವಂತೆ ಮಾಡುವ ಸಂಸ್ಕಾರ ಅವರಲ್ಲಿದೆ. ಅಲ್ಲಿ ಮಗುವಿನ ಮೊದಲ ಪಾಠ ಕೊಡುವುದು. ಜರ್ಮನಿಯಲ್ಲಿ ಯುವ ಬೇಟೆಗಾರರ ಪರವಾನಗಿ 16ಕ್ಕೆ, ಅದೂ ಲಿಖಿತ, ಮೌಖಿಕ, ಗುರಿ ಪರೀಕ್ಷೆಗಳ ಕಠಿಣ ಹಾದಿ ದಾಟಿದ ಮೇಲೆ. ಸತ್ತ ಜಿಂಕೆಯ ಬಾಯಿಗೆ ಕೊನೆಯ ತುತ್ತೆಂದು ಒಂದು ಚಿಗುರು ಕಡ್ಡಿ ಇಡುವ ರೂಢಿ ಅಲ್ಲಿ ಈಗಲೂ ಇದೆ. ಇಂಥ ವಿಧಿಗಳು ಕೊಂದದ್ದನ್ನು ಅಳಿಸುವುದಿಲ್ಲ, ಆದರೆ ಕೊಂದವನು ಅದನ್ನು ಕಡೆಗಣಿಸಿ ನಡೆಯದಂತೆ ತಡೆಯುತ್ತವೆ. ಅಮೆರಿಕದ ಸರ್ಕಾರಿ ಪಠ್ಯದಲ್ಲಿ, ಧರ್ಮನಿರಪೇಕ್ಷವಾಗಿರಬೇಕಾದ ಕಾರಣಕ್ಕೋ ಏನೋ, ಇಂಥ ವಿಧಿಯ ಒಂದು ನಿಮಿಷಕ್ಕೂ ಜಾಗವಿಲ್ಲ. ಸತ್ತ ಪ್ರಾಣಿಯ ಬಳಿ ಹಿಂದಿನಿಂದ ಹೋಗಿ ಕಣ್ಣು ಮುಟ್ಟಿ ಸತ್ತಿದೆಯೇ ನೋಡಬೇಕೆಂಬ ಸುರಕ್ಷತೆಯ ಸೂಚನೆ ಇದೆ, ಆಮೇಲೆ ಹೊಟ್ಟೆ ಬಗೆದು ಮಾಂಸ ಕೆಡದಂತೆ ತಣಿಸುವ ವಿಧಾನ ಬರುತ್ತದೆ.

ತತ್ತ್ವಜ್ಞಾನಿಗಳ ಕಡೆ ನೋಡಿದರೆ, ಪ್ರಾಣಿಗೆ ಮಾಡಿದ ಕ್ರೌರ್ಯ ಮನುಷ್ಯರ ಬಗೆಗೂ ಮನಸ್ಸನ್ನು ಒರಟಾಗಿಸುತ್ತದೆ ಎಂದು ಕಾಂಟ್ ವಾದಿಸಿದ್ದ, ಮಕ್ಕಳ ಕ್ರೌರ್ಯದಿಂದ ಶುರುವಾಗಿ ಕೊಲೆಯಲ್ಲಿ ಮುಗಿಯುವ ಹೊಗಾರ್ತ್‌ನ ಚಿತ್ರಮಾಲೆಯನ್ನು ಅದಕ್ಕೆ ಉದಾಹರಿಸಿದ್ದ. ಬೇಟೆಯ ತರಗತಿಯ ಬೆಂಬಲಿಗರು ಇದಕ್ಕೆ ಹೇಳುವ ಮರುಮಾತು ಬಲವಾದದ್ದೇ: ಏನನ್ನೂ ಕಲಿಸದೆ ಬಿಟ್ಟ ಮಗು ಕವಣೆಗಲ್ಲಿನಿಂದ ಗುಬ್ಬಿಯ ರೆಕ್ಕೆ ಮುರಿಯಬಹುದು, ತರಗತಿಯಲ್ಲಿ ಕಲಿತ ಮಗು ಖಚಿತವಲ್ಲದ ಏಟನ್ನು ಹೊಡೆಯುವುದಿಲ್ಲ. ಸ್ಪೇನಿನ ಓರ್ತೆಗಾ ಇ ಗ್ಯಾಸೆಟ್ 1942ರಲ್ಲಿ ಬರೆದ ಪ್ರಬಂಧದಲ್ಲಿ ಬೇಟೆಯ ಉದ್ದೇಶ ಸಾವಲ್ಲ, ಆದರೆ ಸಾವಿಲ್ಲದೆ ಬೇಟೆ ಬೇಟೆಯಾಗುವುದಿಲ್ಲ ಎಂಬ ವಾದ ಹೂಡಿದ. ಸೊಗಸಾದ ವಾದ, ಆದರೆ ಜಿಂಕೆಯ ಜಾಗದಲ್ಲಿ ನಿಂತು ನೋಡಿದರೆ ಅದರಲ್ಲಿ ಹುರುಳಿಲ್ಲ. ಟಾಮ್ ರೇಗನ್ 1983ರ ಗ್ರಂಥದಲ್ಲಿ ಆ ಜಾಗದಿಂದಲೇ ಮಾತಾಡಿದ: ತನ್ನ ಬದುಕನ್ನು ತಾನು ಅನುಭವಿಸುವ ಜೀವಿಗೆ ತನ್ನದೇ ಬೆಲೆಯಿದೆ, ಸಂಖ್ಯೆ ನಿಯಂತ್ರಣದ ಹೆಸರಿನಲ್ಲೂ ಅದನ್ನು ಸಾಧನವಾಗಿ ಬಳಸುವಂತಿಲ್ಲ. ತೋಳಗಳನ್ನು ಮನುಷ್ಯರೇ ನಾಶಮಾಡಿದ ಪ್ರದೇಶಗಳಲ್ಲಿ ಜಿಂಕೆಗಳು ಮಿತಿಮೀರಿ ಕಾಡಿನ ಎಳೆ ಗಿಡಗಳನ್ನೇ ತಿಂದು ಮುಗಿಸುತ್ತವೆ ಎಂಬ ಸತ್ಯವನ್ನು ಅವನ ವಾದ ಹೇಗೆ ಎದುರಿಸುತ್ತದೆ ಎಂಬುದು ಇನ್ನೂ ಬಗೆಹರಿಯದ ತಕರಾರು.

ಈ ತಕರಾರಿನ ಎರಡೂ ಬದಿಯನ್ನು ಮೈಯಲ್ಲೇ ಅನುಭವಿಸಿದವನು ಅಮೆರಿಕದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್. ಯೌವನದಲ್ಲಿ ತೋಳಗಳನ್ನು ಹೊಡೆದು, ಸಾಯುವ ತೋಳದ ಕಣ್ಣನ್ನು ಕಂಡು ಮನಸ್ಸು ತಿರುಗಿದವನು, ಆದರೂ ಬೇಟೆಯನ್ನು ಬಿಡದವನು. ಅವನ ಮುಖ್ಯ ಕೃತಿ ಹೊರಬಂದದ್ದು ನ್ಯೂಯಾರ್ಕ್ ತರಗತಿಯನ್ನು ಕಡ್ಡಾಯ ಮಾಡಿದ 1949ರಲ್ಲೇ, ಅವನು ತೀರಿಕೊಂಡ ಮರುವರ್ಷ. ಬೇಟೆಗಾರನ ನಡತೆಗೆ ಚಪ್ಪಾಳೆ ತಟ್ಟುವ ಅಥವಾ ಛೀಮಾರಿ ಹಾಕುವ ಪ್ರೇಕ್ಷಕರಿಲ್ಲ, ಅವನ ಸಾಕ್ಷಿ ಅವನ ಮನಸ್ಸೊಂದೇ ಎಂಬುದನ್ನು ಅವನು ಗುರುತಿಸಿದ್ದ. ಕಾನೂನು ಎಷ್ಟೇ ಬಿಗಿಯಾದರೂ ಕಾಡಿನ ನಡುವೆ ಮಗುವಿನ ಬೆರಳಿನ ಮೇಲೆ ಕಾವಲಿರುವುದಿಲ್ಲ. ಆದುದರಿಂದ ತರಗತಿ ಕಲಿಸಬಲ್ಲ ಅತ್ಯಂತ ಬೆಲೆಯುಳ್ಳ ಸಂಗತಿ ಹೊಡೆಯದೆ ಬಿಡುವ ಶಕ್ತಿ. 1902ರಲ್ಲಿ ಮಿಸ್ಸಿಸಿಪ್ಪಿಯಲ್ಲಿ ಮರಕ್ಕೆ ಕಟ್ಟಿಹಾಕಿದ್ದ ಕರಡಿಯನ್ನು ಹೊಡೆಯಲು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಪ್ಪದ ಕಥೆ ಟೆಡ್ಡಿ ಬೊಂಬೆಗೆ ಹೆಸರು ಕೊಟ್ಟು ಪ್ರಸಿದ್ಧವಾಗಿದೆ. ಗಾಯಗೊಂಡಿದ್ದ ಆ ಕರಡಿಯ ನರಳಿಕೆ ಮುಗಿಸಲು ಬೇರೆಯವರಿಂದ ಕೊಲ್ಲಿಸಲಾಯಿತು ಎಂಬ ಭಾಗವನ್ನು ಮಕ್ಕಳಿಗೆ ಸಾಮಾನ್ಯವಾಗಿ ಹೇಳುವುದಿಲ್ಲ, ಹೇಳಬೇಕು. ಸಂಯಮವೂ ಕೈ ತೊಳೆದುಕೊಳ್ಳುವುದೂ ಒಂದೇ ಅಲ್ಲ ಎಂಬುದನ್ನು ಅದು ತೋರಿಸುತ್ತದೆ.

ಬೇಡ ಎನ್ನುವುದನ್ನು ಕಲಿಸುವ ತರಗತಿ ಮಗುವಿನ ಇನ್ನೊಂದು ಬೇಡವನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ಕೆಲವು ಮಕ್ಕಳಿಗೆ ಕೋವಿ ಇಷ್ಟ, ಕಾಡು ಇಷ್ಟ, ಅಪ್ಪನ ಜೊತೆ ಮುಂಜಾನೆಯ ಚಳಿಯಲ್ಲಿ ಕುಳಿತಿರುವುದು ಇಷ್ಟ, ಕೊಲ್ಲುವುದು ಇಷ್ಟವಿಲ್ಲ. ಮೊದಲ ಜಿಂಕೆ ಬಿದ್ದಾಗ ಅಳುವ ಮಗುವನ್ನು ದೊಡ್ಡವರು ನಗುತ್ತ ಬೆನ್ನು ತಟ್ಟಿ, ಕೆನ್ನೆಗೆ ರಕ್ತ ಬಳಿದು ಫೋಟೊ ತೆಗೆಯುವ ರೂಢಿ ಹಲವು ಕುಟುಂಬಗಳಲ್ಲಿದೆ. ಆ ಅಳು ದೌರ್ಬಲ್ಯವಲ್ಲ. ತರಗತಿ ಮೌನವಾಗಿದ್ದ ಪ್ರಶ್ನೆಯನ್ನು ಮಗು ತಾನೇ ಕೇಳಿಕೊಳ್ಳುತ್ತಿರುವ ಕ್ಷಣ ಅದು, ಅದನ್ನು ಫೋಟೊಗೆ ಬಲಿಕೊಡುವುದು ಅನ್ಯಾಯ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಶಾಖೆಯ ರಾಬರ್ಟ್ ಜಾಕ್ಸನ್ ಮತ್ತು ರಾಬರ್ಟ್ ನಾರ್ಟನ್ ಸಾವಿರಕ್ಕೂ ಹೆಚ್ಚು ಬೇಟೆಗಾರರನ್ನು ಮಾತಾಡಿಸಿ ಐದು ಹಂತಗಳನ್ನು ಗುರುತಿಸಿದ್ದರು, ತರಗತಿಗಳಲ್ಲಿ ಈಗಲೂ ಅದನ್ನು ಹೇಳಿಕೊಡುತ್ತಾರೆ: ಮೊದಲು ಗುಂಡು ಹಾರಿಸುವ ಆಸೆ, ಆಮೇಲೆ ಎಷ್ಟು ಹೊಡೆದೆನೆಂಬ ಎಣಿಕೆ, ಆಮೇಲೆ ದೊಡ್ಡ ಕೊಂಬಿನ ಹಂಬಲ, ಆಮೇಲೆ ವಿಧಾನದ ಸೊಗಸು, ಕಡೆಗೆ ಕಾಡಿನಲ್ಲಿ ಇರುವುದೇ ಸಾಕೆನ್ನುವ ತೃಪ್ತಿ. ಈ ಏಣಿಯಲ್ಲಿ ಮಕ್ಕಳು ನಿಂತಿರುವುದು ಮೊದಲ ಮೆಟ್ಟಿಲಲ್ಲಿ. ಕೋವಿ ಹಿಡಿಯುವ ಕೈ ಪಕ್ವವಾಗುವುದ‌ಕ್ಕೂ ಮನಸ್ಸು ಪಕ್ವವಾಗುವುದಕ್ಕೂ ನಡುವೆ ಎಷ್ಟೋ ವರ್ಷಗಳ ಅಂತರವಿದೆ, ಅಷ್ಟೂ ವರ್ಷ ಪ್ರಾಣಿಗಳೇ ಆ ಕಲಿಕೆಯ ಬೆಲೆ ತೆರುತ್ತವೆ. ಹೀಗಿರುವಾಗ ವಿಸ್ಕಾನ್ಸಿನ್ 2017ರಲ್ಲಿ, ಹಿರಿಯರ ಜೊತೆಗೂಡಿ ಆಡುವ ಬೇಟೆಗೆ ಕನಿಷ್ಠ ವಯಸ್ಸನ್ನೇ ತೆಗೆದುಹಾಕಿದ್ದು ತರಗತಿಯ ಮೂಲ ಉದ್ದೇಶಕ್ಕೆ ವಿರುದ್ಧವಾದ ನಡೆ.

ಶಾಲೆಗಳೂ ಈ ವಿಷಯದ ಒಳಗೆ ಬಂದಿವೆ. 2022ರ ಬಂದೂಕು ಸುರಕ್ಷತಾ ಕಾಯ್ದೆಯ ಒಂದು ವಾಕ್ಯ ಶಾಲಾ ಅನುದಾನವನ್ನು ಅಪಾಯಕಾರಿ ಆಯುಧಗಳ ತರಬೇತಿಗೆ ಬಳಸದಂತೆ ತಡೆದಾಗ, ಬೇಟೆ ಮತ್ತು ಬಿಲ್ಲುಗಾರಿಕೆಯ ಪಾಠಗಳೂ ನಿಲ್ಲುವ ಸ್ಥಿತಿ ಬಂತು. ಹೆಚ್ಚಿನ ವಿಷಯಗಳಲ್ಲಿ ಎದುರುಬದುರಾಗಿ ನಿಲ್ಲುವ ಎರಡೂ ಪಕ್ಷಗಳು ಒಂದಾಗಿ 2023ರ ಅಕ್ಟೋಬರ್‌ನಲ್ಲಿ ಆ ತಡೆಯನ್ನು ತೆಗೆಸಿದವು. ಸಂಸತ್ತು ಸುರಕ್ಷತೆಯ ಪ್ರಶ್ನೆಗೆ ಉತ್ತರಿಸಿತು. ಕೊಲ್ಲುವುದು ಸರಿಯೆಂದು ಎಲ್ಲ ಮಕ್ಕಳಿಗೂ ಸಾರ್ವಜನಿಕ ಶಾಲೆ ಹೇಳಬಹುದೆ ಎಂಬ ಪ್ರಶ್ನೆಯನ್ನು ಅದು ಎತ್ತಿಕೊಳ್ಳಲಿಲ್ಲ.

ಕೋವಿಯ ಶಿಸ್ತು ಕೊಲ್ಲದೆಯೂ ಉಳಿಯಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧವಾದರೂ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವುದು ನಿಂತಿಲ್ಲ, ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳೂ ನಿಂತಿಲ್ಲ. ಅಮೆರಿಕದಲ್ಲೂ ಫೋರ್-ಎಚ್ ಸಂಘಟನೆಯ ಶೂಟಿಂಗ್ ವಿಭಾಗದಂಥ ಕಡೆ ಮಕ್ಕಳು ಹೆಚ್ಚಾಗಿ ಕಾಗದ ಮತ್ತು ಮಣ್ಣಿನ ಗುರಿಗಳಿಗೆ ಹೊಡೆಯುತ್ತಾರೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಉಪಯುಕ್ತ ಮಾಹಿತಿ. ನೆರೆಮನೆಯ ಗ್ಯಾರೇಜಿನಲ್ಲಿ, ಗೆಳೆಯನ ಮನೆಯ ಕಪಾಟಿನಲ್ಲಿ ಕೋವಿ ಇರುವ ಊರುಗಳಲ್ಲಿ ಮಾಂಸ ತಿನ್ನದ, ಬೇಟೆಯ ಬಯಕೆಯಿಲ್ಲದ ಮನೆಯ ಮಗುವಿಗೂ ಆ ನಾಲ್ಕು ನಿಯಮಗಳು ಗೊತ್ತಿರುವುದು ಒಳ್ಳೆಯದು, ಬೇಟೆಗೆ ಹೋಗದವರು ತರಗತಿಗೆ ಸೇರಬಾರದೆಂಬ ಕಟ್ಟಳೆಯಿಲ್ಲ.

ತರಗತಿ ಆರಿಸುವಾಗ ಪೋಷಕರು ದಿನಾಂಕ, ದೂರ, ಶುಲ್ಕಗಳ ಜೊತೆಗೆ ಬೋಧಕರನ್ನು ಕೇಳಬೇಕಾದ ಕೆಲವು ಮಾತುಗಳಿವೆ. ಬಯಲಿನ ಅಭ್ಯಾಸ ಎಷ್ಟು ಹೊತ್ತು, ಒಬ್ಬ ಬೋಧಕರಿಗೆ ಎಷ್ಟು ಮಕ್ಕಳು, ತಪ್ಪು ಮಾಡಿದ ಮಗುವನ್ನು ಮತ್ತೆ ಮಾಡಿಸುತ್ತಾರೋ ಅಂಕ ಕೊಟ್ಟು ಮುಂದೆ ಕಳಿಸುತ್ತಾರೋ. ಗಾಯಗೊಂಡು ಸಿಗದೆ ಹೋದ ಪ್ರಾಣಿಯ ಬಗ್ಗೆ ಪಾಠದಲ್ಲಿ ಮಾತಾಡುತ್ತಾರೋ. ಬೇಟೆ ತಪ್ಪೆಂದು ನಂಬುವವರೂ ಇದ್ದಾರೆ, ಅವರ ಕಾರಣಗಳು ಇಂಥವು ಎಂದು ಗೌರವದಿಂದ ಹೇಳುತ್ತಾರೋ. ಪೋಷಕರು ಪಕ್ಕದಲ್ಲಿ ಕುಳಿತು ಕೇಳಲು ಬಹುತೇಕ ಕಡೆ ಅವಕಾಶವಿದೆ, ಎಳೆಯ ಮಕ್ಕಳ ವಿಷಯದಲ್ಲಿ ಕೂರುವುದೇ ಲೇಸು; ಮನೆಗೆ ಮರಳುವ ದಾರಿಯಲ್ಲಿ ಮಗು ಕೇಳುವ ಪ್ರಶ್ನೆಗಳು ಪರೀಕ್ಷೆಯ ಪ್ರಶ್ನೆಗಳಿಗಿಂತ ಕಠಿಣವಾಗಿರುತ್ತವೆ. ಒಮ್ಮೆ ಪಡೆದ ಪ್ರಮಾಣಪತ್ರ ಸಾಮಾನ್ಯವಾಗಿ ಜೀವನಪರ್ಯಂತ ಊರ್ಜಿತ. ಹನ್ನೆರಡರಲ್ಲಿ ಅದನ್ನು ಪಡೆದವರು ಮೊದಲ ಬೇಟೆಗೆ ಇಪ್ಪತ್ತರಲ್ಲಿ ಹೋಗಬಹುದು, ಹೋಗದೆಯೂ ಇರಬಹುದು.